ಹಕ್ಕಿಯ ಬೆನ್ನು ಕಾಣುವ ದಾರಿ

ಹಕ್ಕಿ ನೋಡುವವರ ಕತ್ತು ಸದಾ ಮೇಲಕ್ಕೇ ಎತ್ತಿರುತ್ತದೆ. ಅದರಲ್ಲೂ ಹದ್ದು, ಗಿಡುಗ, ಚಾಣಗಳ ಬೆನ್ನು ಹತ್ತಿದವರಿಗೆ ವರ್ಷಗಟ್ಟಲೆ ಸಿಗುವುದು ಹೊಟ್ಟೆಯ ಬಿಳುಪು, ರೆಕ್ಕೆಯಡಿಯ ಗೆರೆ, ಬಿಸಿಲಿಗೆ ಎದುರಾದ ಕಪ್ಪು ಆಕೃತಿ, ಇಷ್ಟೇ. ಅಮೆರಿಕದ ಇಡಾಹೊ ರಾಜ್ಯದಲ್ಲಿ ಈ ಲೆಕ್ಕ ತಲೆಕೆಳಗಾಗುವ ಒಂದು ಜಾಗವಿದೆ. ಸ್ನೇಕ್ ನದಿಯ ಕಮರಿಯ ಅಂಚಿನಲ್ಲಿರುವ ಡೆಡಿಕೇಷನ್ ಪಾಯಿಂಟ್‌ನಲ್ಲಿ ನಿಂತವರು ಕೆಳಗೆ ನೋಡಬೇಕು. ಹಕ್ಕಿ ಕಾಲ ಕೆಳಗೆ ತೇಲುತ್ತದೆ, ಬೆನ್ನಿನ ಬಣ್ಣ ತೋರಿಸುತ್ತದೆ.

ರಾಜಧಾನಿ ಬಾಯ್ಸಿಯ ದಿಕ್ಕಿನಿಂದ ಬಂದರೆ ಕ್ಯೂನಾ ಎಂಬ ಊರು, ಅಲ್ಲಿಂದ ಸ್ವಾನ್ ಫಾಲ್ಸ್ ರಸ್ತೆ ಹಿಡಿದು ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್. ಗಾಡಿ ನಿಲ್ಲಿಸಿದಲ್ಲಿಂದ ಅಂಚಿಗೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಏರಿಲ್ಲ, ಇಳಿಜಾರಿಲ್ಲ. ಮೊಮ್ಮಕ್ಕಳನ್ನೂ ಅಜ್ಜಿಯನ್ನೂ ಒಟ್ಟಿಗೆ ಕರೆದೊಯ್ಯಬಹುದು. ಎರಡೂ ಬದಿ ಬೂದು ಹಸಿರಿನ ಸೇಜ್‌ಬ್ರಷ್ ಪೊದೆ, ಒಣ ಹುಲ್ಲು, ದೃಷ್ಟಿ ಹಾಯುವಷ್ಟೂ ಬಯಲು. ಇಂಥ ಸಪಾಟು ನೆಲದಲ್ಲಿ ಕಮರಿ ಇದೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಅಂಚು ತಲುಪಿದ ಮೇಲೆ ನೆಲ ಒಮ್ಮೆಲೇ ಮುಗಿಯುತ್ತದೆ. ಕಪ್ಪು ಬಸಾಲ್ಟ್ ಕಲ್ಲಿನ ಗೋಡೆ, ಅದರ ಬುಡದಲ್ಲಿ, ಸುಮಾರು 500 ಅಡಿ ಕೆಳಗೆ, ಹಸಿರು ನದಿ. ದಕ್ಷಿಣಕ್ಕೆ ಒವೈಹೀ ಬೆಟ್ಟಗಳು. ಕಲ್ಲಿನ ಅಂಚು ಪುಡಿಪುಡಿಯಾಗುವಂಥದ್ದು, ಮಕ್ಕಳ ಕೈ ಹಿಡಿದೇ ಇರಬೇಕು.

ಕಮರಿಯ ಕತೆಯೂ ಸಣ್ಣದಲ್ಲ. ಲಾವಾ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿದ ನೆಲವನ್ನು ನದಿ ಕೊರೆಯಿತು. ಹಿಮಯುಗದ ಕೊನೆಯ ಭಾಗದಲ್ಲಿ ಬಾನೆವಿಲ್ ಎಂಬ ಮಹಾ ಸರೋವರದ ಕಟ್ಟೆಯೊಡೆದು ನೀರು ಇದೇ ದಾರಿಯಲ್ಲಿ ನುಗ್ಗಿತು. ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಆ ಸರೋವರದ ಉಳಿಕೆ. ಪ್ರವಾಹ ಉರುಳಿಸಿ ನುಣುಪು ಮಾಡಿದ ಬಂಡೆಗಳು ಇಂದಿಗೂ ನದಿಯ ಬದಿಯಲ್ಲಿ ಬಿದ್ದಿವೆ. ನೋಡಲು ಕಲ್ಲಂಗಡಿಯಂತಿರುವ ಇವುಗಳಿಗೆ ಭೂವಿಜ್ಞಾನಿಗಳು ಕಲ್ಲಂಗಡಿಯ ಹೆಸರನ್ನೇ ಇಟ್ಟಿದ್ದಾರೆ.

ಹಕ್ಕಿಗಳಿಗೆ ಬೇಕಾದದ್ದು ಗೋಡೆಯ ಬಿರುಕು, ಗೂಡು, ಚಾಚುಗಲ್ಲು. ಪ್ರತಿ ವಸಂತದಲ್ಲಿ ಸುತ್ತಲಿನ ಸಂರಕ್ಷಿತ ಪ್ರದೇಶದಲ್ಲಿ 700ರಿಂದ 800 ಜೋಡಿ ಬೇಟೆ ಹಕ್ಕಿಗಳು ಮರಿ ಮಾಡುತ್ತವೆ. ಪ್ರೇರಿ ಫಾಲ್ಕನ್, ಗೋಲ್ಡನ್ ಈಗಲ್, ಕೆಂಪುಬಾಲದ ಹಾಕ್, ಕೆಸ್ಟ್ರೆಲ್, ಕಣಜ ಗೂಬೆ ಹೀಗೆ ಹದಿನಾರು ಜಾತಿ. ಉತ್ತರ ಅಮೆರಿಕದಲ್ಲಿ ಬೇಟೆ ಹಕ್ಕಿಗಳು ಇಷ್ಟು ಒತ್ತಾಗಿ ಗೂಡು ಕಟ್ಟುವ ಜಾಗ ಇನ್ನೊಂದಿಲ್ಲ. ಮೊದಲ ಸಲ ಬಂದವರು ಹಕ್ಕಿ ಹುಡುಕುವ ಬದಲು ಗೋಡೆಯ ಮೇಲೆ ಸುಣ್ಣ ಚೆಲ್ಲಿದಂಥ ಬಿಳಿ ಹಿಕ್ಕೆಯ ಕಲೆ ಹುಡುಕಬೇಕು. ಅದರ ಮೇಲ್ಗಡೆ ಬೈನಾಕ್ಯುಲರ್ ತಿರುಗಿಸಿದರೆ ಗೂಡು ಸಿಕ್ಕರೂ ಸಿಕ್ಕೀತು. ಕಂದು ಬೆನ್ನಿನ ಪ್ರೇರಿ ಫಾಲ್ಕನ್ ಓರೆಯಾಗಿ ತಿರುಗುವಾಗ ಕಂಕುಳಿನ ಕಪ್ಪು ಒಂದು ಕ್ಷಣ ಮಿಂಚುತ್ತದೆ. ಗುರುತು ಹಿಡಿಯಲು ಅಷ್ಟು ಸಾಕು. ಗಾಳಿ ಗೋಡೆಗೆ ಬಡಿದು ಮೇಲೇರುವ ಹೊತ್ತಿನಲ್ಲಂತೂ ರೇವನ್ ಕಾಗೆಗಳೂ ಹದ್ದುಗಳೂ ರೆಕ್ಕೆ ಬಡಿಯದೆ ಕಣ್ಣಿನ ಮಟ್ಟಕ್ಕೇ ಎದ್ದು ಬರುತ್ತವೆ. ಇದನ್ನು ಒಮ್ಮೆ ನೋಡಿದವರು ಮತ್ತೆ ಬರುತ್ತಾರೆ.

ಬಂದವರೆಲ್ಲ ಕಮರಿಯನ್ನೇ ನೋಡುತ್ತಾರೆ. ಹಕ್ಕಿಗಳು ಇಲ್ಲಿರುವ ನಿಜವಾದ ಕಾರಣ ಅವರ ಬೆನ್ನ ಹಿಂದಿದೆ. ಗೋಡೆ ಮನೆಯಾದರೆ ಬಯಲು ಉಗ್ರಾಣ. ಬಯಲಿನ ನುಣುಪು ಮಣ್ಣು ಬಿಲ ತೋಡಲು ಹೇಳಿ ಮಾಡಿಸಿದಂತಿದ್ದು, ಪೈಯೂಟ್ ನೆಲ ಅಳಿಲುಗಳು ಇಲ್ಲಿ ದಂಡಿಯಾಗಿವೆ. ಅವು ಚಳಿಗಾಲದ ಕೊನೆಗೆ ಎದ್ದು ಬರುತ್ತವೆ, ಹುಲ್ಲು ಒಣಗುವ ಬೇಸಿಗೆಯಲ್ಲಿ ಮತ್ತೆ ನೆಲ ಸೇರಿ ನಿದ್ದೆಗೆ ಜಾರುತ್ತವೆ. ಪ್ರೇರಿ ಫಾಲ್ಕನ್ ತನ್ನ ಬಾಣಂತನವನ್ನು ಈ ಪಂಚಾಂಗಕ್ಕೇ ಹೊಂದಿಸಿಕೊಂಡಿದೆ. ಅಳಿಲು ಮಾಯವಾಗುವ ಹೊತ್ತಿಗೆ ಮರಿಗಳು ಹಾರಿರುತ್ತವೆ, ಹಕ್ಕಿಗಳೂ ಊರು ಬಿಡುತ್ತವೆ. ಹೀಗಾಗಿ ಹೋಗುವುದಾದರೆ ಮಾರ್ಚ್ ಮಧ್ಯದಿಂದ ಜೂನ್ ಒಳಗೆ ಹೋಗಬೇಕು.

ಹಕ್ಕಿಗೆ ಗೋಡೆಯಷ್ಟೇ ಬಯಲೂ ಬೇಕೆಂದು ಸರ್ಕಾರಕ್ಕೆ ತಿಳಿಯಹೇಳುವುದಕ್ಕೆ ವರ್ಷಗಳೇ ಹಿಡಿದವು. 1971ರಲ್ಲಿ ಮೊದಲು ರಕ್ಷಣೆ ಸಿಕ್ಕಿದ್ದು ಮುಖ್ಯವಾಗಿ ಕಮರಿಗೆ, ಮೂವತ್ತು ಸಾವಿರ ಎಕರೆಯೂ ಇರಲಿಲ್ಲ. ಫಾಲ್ಕನ್‌ಗಳು ಬೇಟೆಗೆಂದು ಬಯಲಲ್ಲಿ ಬಹುದೂರ ಹೋಗುತ್ತವೆ ಎಂದು ಸಂಶೋಧಕರು ತೋರಿಸಿಕೊಟ್ಟರು. 1993ರಲ್ಲಿ ಅಮೆರಿಕದ ಸಂಸತ್ತು ಸುಮಾರು 4,85,000 ಎಕರೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. 2009ರಲ್ಲಿ ಅದಕ್ಕೆ ಮಾರ್ಲಿ ನೆಲ್ಸನ್ ಅವರ ಹೆಸರು ಸೇರಿತು. ಈ ಕಮರಿಗಾಗಿ ಹೋರಾಡಿದ ನೆಲ್ಸನ್, ತಾವು ಪಳಗಿಸಿದ ಹದ್ದುಗಳನ್ನು ಮಾದರಿ ವಿದ್ಯುತ್ ಕಂಬಗಳ ಮೇಲೆ ಇಳಿಸಿ, ಯಾವ ವಿನ್ಯಾಸದಲ್ಲಿ ಹಕ್ಕಿಗೆ ಶಾಕ್ ತಗಲುತ್ತದೆ ಎಂದು ವಿದ್ಯುತ್ ಕಂಪನಿಗೆ ತೋರಿಸಿಕೊಟ್ಟವರು.

ವಿದ್ಯುತ್ತಿನ ಮಾತು ಬಂದಾಗ ಇನ್ನೊಂದು. ಕ್ಯೂನಾದಿಂದ ಬಂದ ರಸ್ತೆಯೇ ಮುಂದೆ ಕಮರಿಗಿಳಿದು ಸ್ವಾನ್ ಫಾಲ್ಸ್ ಅಣೆಕಟ್ಟು ಮುಟ್ಟುತ್ತದೆ. 1901ರಲ್ಲಿ ಅದನ್ನು ಕಟ್ಟಿದ್ದು ಸಿಲ್ವರ್ ಸಿಟಿಯ ಗಣಿಗಳಿಗೆ ಕರೆಂಟ್ ಕೊಡಲು. ಮರುವರ್ಷವೇ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದದ್ದು ಕನ್ನಡಿಗರಿಗೆ ಥಟ್ಟನೆ ನೆನಪಾಗುತ್ತದೆ.

ಕರ್ನಾಟಕದ ನಂಟು ಅಲ್ಲಿಗೇ ಮುಗಿಯುವುದಿಲ್ಲ. ಬಾಯ್ಸಿಯಲ್ಲಿ ನೆಲೆಸಿರುವ ಪೆರಿಗ್ರಿನ್ ಫಂಡ್ ಸಂಸ್ಥೆಯ ಜೊತೆ ದುಡಿದ ವಿಜ್ಞಾನಿಗಳೇ ಪಾಕಿಸ್ತಾನದಲ್ಲಿ ಸತ್ತ ರಣಹದ್ದುಗಳನ್ನು ಪರೀಕ್ಷಿಸಿ, ದನಗಳಿಗೆ ಕೊಡುವ ಡೈಕ್ಲೊಫಿನಾಕ್ ಔಷಧಿಯೇ ಕೊಲೆಗಾರ ಎಂದು 2004ರಲ್ಲಿ ಪ್ರಕಟಿಸಿದರು. 2006ರಲ್ಲಿ ಭಾರತ ಅದರ ಪಶುಬಳಕೆಯನ್ನು ನಿಷೇಧಿಸಿತು. 2012ರಲ್ಲಿ ರಣಹದ್ದು ಧಾಮವಾದ ರಾಮನಗರದ ರಾಮದೇವರಬೆಟ್ಟದ ಬಂಡೆಗಳಲ್ಲೂ ಹಕ್ಕಿಗೆ ಗೂಡು ಕಟ್ಟಲು ಜಾಗವಿದೆ, ವಿಷವಿಲ್ಲದ ಊಟ ಸಿಗುವುದೇ ಕಷ್ಟ.

ಸ್ನೇಕ್ ನದಿಯ ಬಯಲಿಗೂ ಕಾಯಿಲೆ ತಗುಲಿದೆ. ಹೊರಗಿನಿಂದ ಬಂದ ಚೀಟ್‌ಗ್ರಾಸ್ ಎಂಬ ಹುಲ್ಲು ಬೇಗ ಒಣಗಿ ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಾಳ್ಗಿಚ್ಚಿಗೆ ಸೇಜ್‌ಬ್ರಷ್ ಸುಟ್ಟು ಹೋಗುತ್ತದೆ, ಅದರ ನೆರಳಲ್ಲಿ ಬದುಕುವ ಜ್ಯಾಕ್‌ರ‍್ಯಾಬಿಟ್ ಮೊಲ ಕಡಿಮೆಯಾಗುತ್ತದೆ. ಮೊಲ ಸಿಗದ ಗೋಲ್ಡನ್ ಈಗಲ್‌ಗಳು ಪಾರಿವಾಳ ಹಿಡಿದು ತರುತ್ತವೆ, ಪಾರಿವಾಳದ ರೋಗ ಗೂಡಿನ ಮರಿಗಳಿಗೆ ಅಂಟುತ್ತದೆ.

ನೀರು ಮನೆಯಿಂದಲೇ ಒಯ್ಯಬೇಕು, ಟೋಪಿಯೂ ಬೇಕು, ನೆರಳೆಂಬುದಿಲ್ಲ. ಬೆಳಗ್ಗೆ ಬೇಗ ಹೊರಟು ಅಂಚಿನಲ್ಲಿ ಗಂಟೆಗಟ್ಟಲೆ ಕೂರುವುದೇ ಸರಿಯಾದ ಕ್ರಮ. ಹಿಂದಿರುಗುವಾಗ ಮಾತ್ರ ಬೈನಾಕ್ಯುಲರನ್ನು ಚೀಲಕ್ಕೆ ಹಾಕಬಾರದು. ದಾರಿಯ ಪಕ್ಕದ ಬಿಲದ ಬಾಯಲ್ಲಿ ಬೂದು ಬಣ್ಣದ ಅಳಿಲೊಂದು ಎರಡೇ ಕಾಲಲ್ಲಿ ಗೂಟದಂತೆ ಎದ್ದು ನಿಂತು, ಆಕಾಶ ನೋಡಿ ಸಿಳ್ಳೆ ಹೊಡೆದು, ತಟ್ಟನೆ ಮಾಯವಾದರೆ, ತಲೆಯೆತ್ತಿ ನೋಡಬೇಕು.