ದುಡಿಯುವ ಕೈದಿಗೆ ಸಂಘಟನೆಯ ಹಕ್ಕಿಲ್ಲವೇ? – ಒಂದು ತೀರ್ಪಿನ ವಿಮರ್ಶೆ

'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಸೆರೆಮನೆಯ ಮಾತು ಬಂದಾಗಲಂತೂ ಅದನ್ನು ಆಡದೆ ನಮಗೆ ಸಮಾಧಾನವಿಲ್ಲ. ತಪ್ಪಿಗೆ ಶಿಕ್ಷೆ ಇರಬೇಕೆಂಬುದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಆ ಉಣ್ಣುವಿಕೆಗೆ ಮಿತಿ ಎಂಬುದೊಂದು ಇದೆಯೇ? ನ್ಯಾಯಾಲಯ ಕಿತ್ತುಕೊಂಡದ್ದು ಅಪರಾಧಿಯ ಸ್ವಾತಂತ್ರ್ಯವನ್ನು. ಅದರೊಡನೆ ಅವನ ಬೆವರಿನ ಬೆಲೆಯೂ, ಆ ಬೆಲೆಯ ಬಗ್ಗೆ ಮಾತೆತ್ತುವ ಬಾಯಿಯೂ ಹೋಗಲೇಬೇಕೇ? ಈ ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕಾಗಿ ಬಂದ ತೀರ್ಪೊಂದಿದೆ. ಅದು ಹೊರಬಿದ್ದು ಸುಮಾರು ಅರ್ಧ ಶತಮಾನವಾಯಿತು. ಇಂದಿಗೂ ಅದನ್ನು ಓದುವವರ ಮನಸ್ಸನ್ನು ಅದು ಕದಡದೆ ಬಿಡುವುದಿಲ್ಲ.

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಕೈದಿಗಳು 1974ರ ಕೊನೆಯಲ್ಲಿ ತಮ್ಮದೇ ಕಾರ್ಮಿಕ ಸಂಘವೊಂದನ್ನು ನೋಂದಾಯಿಸಿದರು. ದುಡಿಮೆಯ ಸ್ಥಿತಿಗತಿಗಳನ್ನು ಸುಧಾರಿಸುವುದು, ಕೈದಿಗಳ ಅಹವಾಲುಗಳನ್ನು ಅಧಿಕಾರಿಗಳ ಮುಂದಿಡುವುದು ಅದರ ಉದ್ದೇಶವಾಗಿತ್ತು. 1975ರ ಆರಂಭದ ವೇಳೆಗೆ ಸುಮಾರು 40 ಬಂದೀಖಾನೆಗಳಲ್ಲಿ ಸುಮಾರು 2,000 ಮಂದಿ ಸದಸ್ಯರಾಗಿದ್ದರು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಸರ್ಕಾರ ನಿಯಮವೊಂದನ್ನು ಜಾರಿಗೆ ತಂದಿತು. ಅದರಂತೆ ಕೈದಿಯು ಸಂಘಕ್ಕೆ ಸೇರಬಹುದು, ಆದರೆ ಇನ್ನೊಬ್ಬನನ್ನು ಸೇರೆಂದು ಕರೆಯುವಂತಿಲ್ಲ. ಸದಸ್ಯರು ಸಭೆ ಸೇರುವಂತಿಲ್ಲ. ಸಂಘದ ಪತ್ರಿಕೆಗಳನ್ನು ಹಂಚಲೆಂದು ಕಟ್ಟುಕಟ್ಟಾಗಿ ಒಳಗೆ ಕಳುಹಿಸುವಂತಿಲ್ಲ. ಕೆಳಗಿನ ನ್ಯಾಯಾಲಯಕ್ಕೆ ಈ ನಿಯಮ ವಿವೇಕಶೂನ್ಯತೆಯ ಅಂಚಿನಲ್ಲಿರುವಂತೆ ಕಂಡಿತು. ಆದರೆ 1977ರ ಜೂನ್ 23ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ನಿಯಮವನ್ನೇ ಎತ್ತಿಹಿಡಿಯಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿಲಿಯಂ ರೆನ್‌ಕ್ವಿಸ್ಟ್.

ತೀರ್ಪಿನ ವಾದ ಸರಳವಾಗಿದೆ. ಸೆರೆಮನೆಯು ಅಪಾಯದ ಸ್ಥಳ, ಅದನ್ನು ನಡೆಸುವವರಿಗೆ ಅದರ ಒಳಹೊರಗು ಗೊತ್ತು. ಸಂಘದಿಂದ ಗಲಭೆಯಾದೀತೆಂದು ಅವರು ನಂಬಿದರೆ ಸಾಕು, ಗಲಭೆಯ ಮುನ್ನಾದಿನದವರೆಗೆ ಸಾಕ್ಷ್ಯ ಕೂಡಿಸುತ್ತಾ ಅವರು ಕಾಯಬೇಕಾಗಿಲ್ಲ. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ನ್ಯೂಯಾರ್ಕ್ ರಾಜ್ಯದ ಆಟಿಕಾ ಸೆರೆಮನೆಯಲ್ಲಿ 1971ರಲ್ಲಿ ನಡೆದ ದಂಗೆಯಲ್ಲಿ 43 ಮಂದಿ ಸತ್ತಿದ್ದರು. ಅದರ ನೆನಪು ಆಗ ಇನ್ನೂ ಹಸಿಯಾಗಿತ್ತು. ಬಲಿಷ್ಠ ಕೈದಿಯೊಬ್ಬ ಸಂಘದ ಹೆಸರಿನಲ್ಲಿ ದುರ್ಬಲರನ್ನು ಹೆದರಿಸುವ ಸಾಧ್ಯತೆಯೂ ಇಲ್ಲದಿಲ್ಲ. ಬಂದೀಖಾನೆಯ ಮೇಲ್ವಿಚಾರಕನ ಭಯವನ್ನು ಹಗುರವಾಗಿ ಕಾಣುವವನು ಅವನ ಹೊಣೆಯನ್ನು ಅರಿಯದವನೇ ಸರಿ.

ಆದರೂ ಈ ವಾದದಲ್ಲಿ ಒಂದು ಕೊರತೆಯಿದೆ. ಭಯಕ್ಕೂ ಸಾಕ್ಷ್ಯಕ್ಕೂ ಇರುವ ಅಂತರವನ್ನು ಅದು ಅಳಿಸಿಹಾಕುತ್ತದೆ. ಆ ಸಂಘದಿಂದ ಶಾಂತಿಭಂಗವಾಯಿತೆಂಬುದಕ್ಕೆ ಎಳ್ಳಷ್ಟೂ ಆಧಾರವಿಲ್ಲವೆಂದು ಕೆಳಗಿನ ನ್ಯಾಯಾಲಯ ಗುರುತಿಸಿತ್ತು. ಅಧಿಕಾರಿಯ ಭಯವೇ ಹಕ್ಕಿನ ಎಲ್ಲೆಯನ್ನು ನಿರ್ಧರಿಸುವುದಾದರೆ ಉಳಿಯುವುದು ಹಕ್ಕಲ್ಲ, ಕೃಪೆ ಮಾತ್ರ. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್ ಎಚ್ಚರಿಸಿದ್ದೂ ಇದನ್ನೇ. ಭದ್ರತೆಯನ್ನೇ ಕಸುಬಾಗಿಸಿಕೊಂಡವರು ಸಹಜವಾಗಿಯೇ ಸ್ವಾತಂತ್ರ್ಯವನ್ನು ಕಡಿಮೆ ಅಳೆಯುತ್ತಾರೆ; ಆ ಅಳತೆಯನ್ನು ಪರೀಕ್ಷಿಸಲೆಂದೇ ನ್ಯಾಯಾಲಯವಿರುವುದು.

ತೀರ್ಪಿನ ಇನ್ನೊಂದು ಭಾಗ ಇನ್ನೂ ಹೆಚ್ಚು ಚಿಂತನಾರ್ಹ. ಅದೇ ಸೆರೆಮನೆಗಳಲ್ಲಿ ಜೇಸೀಸ್ ಸಂಸ್ಥೆಗೂ ಮದ್ಯವ್ಯಸನಿಗಳ ಅನಾಮಿಕ ಬಳಗಕ್ಕೂ ಸಭೆ ನಡೆಸಲು ಅನುಮತಿಯಿತ್ತು. ಹಾಗಾದರೆ ಸಂಘಕ್ಕೇಕೆ ಇಲ್ಲ? ಆ ಬಳಗಗಳು ಕೈದಿಯ ಸುಧಾರಣೆಗೆ ನೆರವಾಗುತ್ತವೆ, ಸಂಘವಾದರೋ ಆಡಳಿತಕ್ಕೆ ಎದುರಾಗಿ ನಿಲ್ಲುತ್ತದೆ ಎಂಬುದು ತೀರ್ಪಿನ ಉತ್ತರ. ಇದರ ಒಳದನಿಯನ್ನು ಗಮನಿಸಬೇಕು. ಕೈದಿ ತಾನು ಬದಲಾಗಲು ಇತರರೊಡನೆ ಕೂಡಬಹುದು, ತನ್ನನ್ನು ಬಂಧಿಸಿಟ್ಟ ವ್ಯವಸ್ಥೆ ಬದಲಾಗಲೆಂದು ಕೂಡಬಾರದು. ಆದರೆ ಕೈಯೆತ್ತುವುದರ ಬದಲು ಮಾತಾಡುವುದನ್ನು, ಮತ ಹಾಕುವುದನ್ನು, ಎದುರಾಳಿಯ ವಾದಕ್ಕೆ ಕಿವಿಗೊಡುವುದನ್ನು ಸಂಘ ಕಲಿಸುತ್ತದೆಯಲ್ಲವೇ? ಬಲಪ್ರಯೋಗದಿಂದಲೇ ಸೆರೆ ಸೇರಿದವನಿಗೆ ಇದಕ್ಕಿಂತ ಮಿಗಿಲಾದ ಸುಧಾರಣೆಯ ಪಾಠ ಯಾವುದು?

ಈ ತೀರ್ಪಿನ ಹಿಂದೆ ಆ ದೇಶದ ಹಳೆಯ ನೆರಳೊಂದಿದೆ. ಗುಲಾಮಗಿರಿಯನ್ನು ಕೊನೆಗಾಣಿಸಿದ 1865ರ ಸಂವಿಧಾನ ತಿದ್ದುಪಡಿಯೇ ಅಪರಾಧಕ್ಕೆ ಶಿಕ್ಷೆಯಾಗಿ ವಿಧಿಸಿದ ಜೀತಕ್ಕೆ ವಿನಾಯಿತಿ ನೀಡಿತು. ಕೈದಿಯು ರಾಜ್ಯದ ಗುಲಾಮನೆಂದು ವರ್ಜೀನಿಯಾದ ನ್ಯಾಯಾಲಯವೊಂದು 1871ರಲ್ಲಿ ಹೇಳಿಯೂಬಿಟ್ಟಿತು. ಕೊಲೊರಾಡೊ ರಾಜ್ಯ 2018ರಲ್ಲಿ ತನ್ನ ಸಂವಿಧಾನದಿಂದ ಇಂಥ ವಿನಾಯಿತಿಯನ್ನು ತೆಗೆದುಹಾಕಿತು. ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಮತದಾರರು ಅಂಥದೇ ಪ್ರಸ್ತಾಪವನ್ನು ತಿರಸ್ಕರಿಸಿದರು. ಜರ್ಮನಿಯಲ್ಲಿ 2014ರಲ್ಲಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯ ಕೈದಿಗಳು ತಮ್ಮದೇ ಸಂಘ ಕಟ್ಟಿದರು. ಆ ದೇಶದ ಸಾಂವಿಧಾನಿಕ ನ್ಯಾಯಾಲಯವು 2023ರಲ್ಲಿ ಎರಡು ರಾಜ್ಯಗಳ ಕೈದಿ ಕೂಲಿಯ ಕಾನೂನುಗಳು ಸಂವಿಧಾನಕ್ಕೆ ಹೊಂದುವುದಿಲ್ಲವೆಂದಿತು.

ನಮ್ಮ ದೇಶದ ಕಥೆ ಬೇರೆ ದಾರಿಯಲ್ಲಿ ಸಾಗಿದೆ. ನಮ್ಮ ಸಂವಿಧಾನದ 23ನೆಯ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆ. ಅದರಲ್ಲಿ ಕೈದಿಗೆಂದು ಪ್ರತ್ಯೇಕ ವಿನಾಯಿತಿಯ ಮಾತಿಲ್ಲ. ಕಠಿಣ ಸಜೆಗೆ ಗುರಿಯಾದವರಿಂದ ಕೆಲಸ ಮಾಡಿಸುವುದು ತಪ್ಪಲ್ಲ, ಆದರೆ ನ್ಯಾಯಯುತ ಕೂಲಿ ಕೊಡಬೇಕು ಎಂದು ಸರ್ವೋಚ್ಚ ನ್ಯಾಯಾಲಯ ಗುಜರಾತಿನ ಪ್ರಕರಣದಲ್ಲಿ 1998ರಲ್ಲಿ ತೀರ್ಪಿತ್ತಿತು. ಕೂಲಿಯ ಪ್ರಮಾಣವನ್ನು ಸೂಚಿಸಲು ರಾಜ್ಯಗಳು ಸಮಿತಿ ರಚಿಸಬೇಕು, ಕೂಲಿಯ ಒಂದು ಪಾಲು ಅಪರಾಧಕ್ಕೆ ಬಲಿಯಾದವರಿಗೆ ಸಲ್ಲುವಂತೆ ಕಾನೂನು ಮಾಡಬೇಕು ಎಂದೂ ಹೇಳಿತು. ಇದು ಉದಾತ್ತವಾದ ತೀರ್ಪು. ನೊಂದವರನ್ನು ಮರೆಯದ ತೀರ್ಪು. ಆದರೂ ಅದರಲ್ಲಿ ಒಂದು ಮೌನವಿದೆ. ಕೂಲಿ ಗೊತ್ತುಮಾಡುವ ಸಮಿತಿಯಲ್ಲಿ ದುಡಿಯುವವನಿಗೂ ಒಂದು ಕುರ್ಚಿ ಇರಬೇಕೆಂದು ಅದು ಹೇಳಲಿಲ್ಲ. ಕೈಗೆ ಕೂಲಿ ಸಿಕ್ಕಿತು, ಬಾಯಿಗೆ ಮಾತು ಸಿಗಲಿಲ್ಲ.

ಮಾತಿಲ್ಲದುದರ ಬೆಲೆ ಎಷ್ಟೆಂಬುದು 2024ರ ಅಕ್ಟೋಬರ್ 3ರಂದು ತಿಳಿದುಬಂತು. ಗುಡಿಸುವ ಕೆಲಸ ಒಂದು ಜಾತಿಗೆ, ಅಡುಗೆಯ ಕೆಲಸ ಇನ್ನೊಂದು ಜಾತಿಗೆ ಎಂದು ಹಂಚುತ್ತಿದ್ದ ಹಲವು ರಾಜ್ಯಗಳ ಕಾರಾಗೃಹ ಕೈಪಿಡಿಗಳ ನಿಯಮಗಳನ್ನು ಸರ್ವೋಚ್ಚ ನ್ಯಾಯಾಲಯ ಅಂದು ಅಸಿಂಧುಗೊಳಿಸಿತು. ಸಂವಿಧಾನ ಜಾರಿಗೆ ಬಂದು 74 ವರ್ಷಗಳ ಮೇಲೆ! ಈ ದೂರನ್ನು ನ್ಯಾಯಾಲಯಕ್ಕೆ ಒಯ್ದವರು ಕೈದಿಗಳಲ್ಲ, ಹೊರಗಿನ ಪತ್ರಕರ್ತೆಯೊಬ್ಬರು. ಒಳಗೆ ಪೊರಕೆ ಹಿಡಿದವರಿಗೆ ಒಟ್ಟಾಗಿ ದನಿಯೆತ್ತುವ ವೇದಿಕೆಯೊಂದಿದ್ದರೆ ಇಷ್ಟು ಕಾಲ ಬೇಕಾಗುತ್ತಿತ್ತೇ?

ಸಂಘವೆಂದರೆ ಮುಷ್ಕರವೆಂದು ನಾವು ಬೆಚ್ಚಬೇಕಾಗಿಲ್ಲ. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಹೇಳಿತು. ಆದರೂ ಅವರ ಸಂಘಗಳು ಇವೆ, ಬೇಡಿಕೆಗಳನ್ನು ಸಲ್ಲಿಸುತ್ತಿವೆ. ಸೆರೆಮನೆಯಲ್ಲೂ ಮುಷ್ಕರವಿಲ್ಲದ ಸಂಘ ಸಾಧ್ಯ: ಗುಪ್ತ ಮತದಾನದಿಂದ ಆರಿಸಿದ ಪ್ರತಿನಿಧಿಗಳು, ಅಧಿಕಾರಿಗಳ ಕಣ್ಣೆದುರಿನ ಸಭೆ, ಕೂಲಿ ಸಮಿತಿಯಲ್ಲಿ ಒಂದು ಸ್ಥಾನ, ಹೊರಗಿನ ನ್ಯಾಯಾಧೀಶರಿಗೆ ನೇರವಾಗಿ ದೂರು ಕೊಡುವ ಅವಕಾಶ. 1993ರಿಂದ 1995ರವರೆಗೆ ಕಿರಣ್ ಬೇಡಿಯವರ ಆಡಳಿತದಲ್ಲಿ ತಿಹಾರ್ ಸೆರೆಮನೆಯಲ್ಲಿ ಕೈದಿಗಳ ಪಂಚಾಯಿತಿಗಳು ನಡೆದವು. ಆದರೆ ಅಧಿಕಾರಿಯೊಬ್ಬರ ಔದಾರ್ಯದಿಂದ ಬಂದದ್ದು ಇನ್ನೊಬ್ಬರ ಅನಾದರದಿಂದ ಹೋಗಬಹುದು. ಹಕ್ಕು ಹಾಗೆ ಹೋಗಲಾರದು. ಕೂಲಿ ನ್ಯಾಯವಾದಷ್ಟೂ ನೊಂದವರ ಪಾಲೂ ಹಿಗ್ಗುತ್ತದೆ ಎಂಬುದನ್ನು ಮರೆಯಬಾರದು. ಇಲ್ಲಿ ಕೈದಿಯ ಹಿತಕ್ಕೂ ನೊಂದವರ ಹಿತಕ್ಕೂ ಜಗಳವಿಲ್ಲ.

ಜಗದ್ಗುರು ಹದಿಮೂರನೇ ಲಿಯೋ ಅವರು 1891ರಲ್ಲಿ ಹೊರಡಿಸಿದ 'ರೇರುಮ್ ನೊವಾರುಮ್' ವಿಶ್ವಪತ್ರದ ಒಂದು ವಿಚಾರ ಇಲ್ಲಿ ಪ್ರಸ್ತುತ. ಕೂಡಿ ಬಾಳುವುದು, ಸಂಘ ಕಟ್ಟುವುದು ಮನುಷ್ಯನ ಸಹಜ ಹಕ್ಕು. ರಾಜ್ಯ ಇರುವುದು ಅದನ್ನು ಕಾಯಲಿಕ್ಕೆ. ಸಹಜ ಹಕ್ಕನ್ನು ರಾಜ್ಯ ಕೊಟ್ಟಿದ್ದಲ್ಲ. ಆದ್ದರಿಂದ ಅದಕ್ಕೆ ಕಡಿವಾಣ ಹಾಕುವಾಗ ಕಾರಣ ತೋರಿಸಬೇಕಾದ ಹೊಣೆ ರಾಜ್ಯದ್ದೇ. 1977ರ ತೀರ್ಪು ಈ ಹೊಣೆಯನ್ನು ತಲೆಕೆಳಗು ಮಾಡಿ, ಕಾರಣ ತೋರಿಸುವ ಭಾರವನ್ನು ಕೈದಿಯ ಹೆಗಲಿಗೆ ಹೊರಿಸಿತು.

ಸೆರೆಮನೆಯಲ್ಲಿ ನೇಯ್ದ ಬಟ್ಟೆ, ಬೇಯಿಸಿದ ರೊಟ್ಟಿ, ಮಾಡಿದ ಮೇಜು ಗೋಡೆ ದಾಟಿ ನಮ್ಮ ಮನೆಗಳಿಗೆ ಬರುತ್ತವೆ. ಅವುಗಳನ್ನು ಪಡೆಯಲು ನಮಗೆ ಸಂಕೋಚವಿಲ್ಲ. ಅವನ್ನು ಮಾಡಿದವನ ಮಾತು ಮಾತ್ರ ಗೋಡೆಯಾಚೆಯೇ ಉಳಿಯಲಿ ಎನ್ನುವುದು ಯಾವ ನ್ಯಾಯ?