ಚಿಲಿಪಿಲಿ ಚೆನ್ನಾಗಿದೆ, ಟೀಚರ್‌ಗೆ ಬಿಡುವಿಲ್ಲ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ನಾಲ್ಕರಲ್ಲಿ ಯಾವ ಊರಿನಲ್ಲಾದರೂ ಸರಿ, ಮೂರೂವರೆ ವರ್ಷದ ಮಗುವನ್ನು ದಿನಾ ಒಂದೆರಡು ಗಂಟೆ ಆಡಿಸಿ, ಹಾಡಿಸಿ, ಕಥೆ ಹೇಳಿ ಕಳಿಸುವ ಜಾಗ ಇದೆಯೇ ಎಂದು ವಿಚಾರಿಸಿ ನೋಡಿ. ಭರತನಾಟ್ಯದವರು ಇನ್ನೊಂದೆರಡು ವರ್ಷ ತಡೆಯಿರಿ ಅನ್ನುತ್ತಾರೆ. ಅಬಾಕಸ್‌ಗೆ ಮೊದಲು ಅಂಕಿ ಬರಬೇಕು. ಬಾಲಭವನದ ಬಾಗಿಲು ಐದಕ್ಕೆ ತೆರೆಯುತ್ತದೆ. ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ ‘ಓದುವ ಬೆಳಕು’ ಆರು ದಾಟಿದ ಮಕ್ಕಳಿಗೆ. ಕೊನೆಗೆ ಉಳಿಯುವುದು ಎರಡೇ: ವ್ಯಾನು ಬಂದು ಕರೆದೊಯ್ಯುವ ಎಲ್‌ಕೆಜಿ, ಇಲ್ಲವೇ ಬೀದಿ ಕೊನೆಯ ಅಂಗನವಾಡಿ.

ಎಲ್‌ಕೆಜಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆನ್ಸಿಲ್ ಹಿಡಿಯಲು ಬಾರದ ಕೈಗೆ ನಾಲ್ಕು ಗೆರೆಯ ಪುಸ್ತಕ, ಸಂಜೆ ಅಮ್ಮನಿಗೆ ಹೋಂವರ್ಕು. ಬೋರ್ಡಿನ ಮೇಲೆ ‘ಮಾಂಟೆಸ್ಸರಿ’ ಎಂದಿದ್ದರೂ ಒಳಗೆ ಬೆಂಚು ಸಾಲು. ಮರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು ರೋಮಿನ ಸ್ಯಾನ್ ಲೊರೆಂಜೊ ಎಂಬ ಕೂಲಿಕಾರರ ಕೇರಿಯಲ್ಲಿ. ಆ ಹೆಸರು ನಮ್ಮಲ್ಲಿ ಫೀಸು ಏರಿಸಲು ಬಳಕೆಯಾಗುತ್ತಿದೆ.

ವಿಮರ್ಶೆಗೆ ಯೋಗ್ಯವಾದದ್ದು ಅಂಗನವಾಡಿ. ಯಾಕೆಂದರೆ ಅಲ್ಲೊಂದು ಪಠ್ಯಕ್ರಮವಿದೆ, ಹೆಸರು ‘ಚಿಲಿಪಿಲಿ’. ಮನೆ, ಹಣ್ಣು, ಪ್ರಾಣಿ, ನೀರು, ಹೀಗೆ ಒಂದು ವಿಷಯ ಹಿಡಿದು ಅದರ ಸುತ್ತಲೇ ಹಾಡು, ಮಾತುಕತೆ, ಆಟ, ಚಿತ್ರ ಎಲ್ಲ ನಡೆಯಬೇಕೆಂಬುದು ಅದರ ಕ್ರಮ. ಬರೆಸುವ ಆತುರವಿಲ್ಲ. ಮಾವಿನ ಹಣ್ಣಿನ ದಿನ ಮಗು ಅದನ್ನು ಮೂಸಿ, ಒತ್ತಿ, ತಿಂದು, ಗೊರಟೆ ನೆಟ್ಟು ಕಲಿಯುತ್ತದೆ. ‘ಎಂ ಫಾರ್ ಮ್ಯಾಂಗೊ’ ಎಂದು ಇಪ್ಪತ್ತು ಸಲ ಕೂಗಿ ಅಲ್ಲ. ಕೇಂದ್ರ ಸರ್ಕಾರ 2024ರಲ್ಲಿ ತಂದ ‘ಆಧಾರಶಿಲಾ’ ಚೌಕಟ್ಟೂ ಆಟಕ್ಕೇ ಮೊದಲ ಮಣೆ ಹಾಕಿದೆ. ಕಾಗದದ ಮೇಲೆ ತೂಗಿದರೆ ಯಾವ ಎಲ್‌ಕೆಜಿಗಿಂತಲೂ ಇದರ ತೂಕ ಹೆಚ್ಚು.

ಆದರೆ ರಾಜ್ಯಕ್ಕೆಲ್ಲ ಒಂದೇ ಎಂದು ಮಾಡಿದ್ದರಲ್ಲಿ ಊರು ಕಾಣೆಯಾಗುತ್ತದೆ. ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆ ಹುಳು ಪೊರೆ ಬಿಡುವ ನಾಲ್ಕನೇ ಜ್ವರ ಎದ್ದಿತೆಂದರೆ ಮನೆಮಂದಿಗೆಲ್ಲ ಹಗಲು ರಾತ್ರಿ ಸೊಪ್ಪು ಹಾಕುವುದೇ ಕೆಲಸ, ಮಗುವನ್ನು ಕೇಳುವವರಿಲ್ಲ. ಅದೇ ಮಗು ತಟ್ಟೆಯ ಪಕ್ಕ ಕೂತು ಹುಳು ಎಲೆ ತಿನ್ನುವ ಸರಸರ ಸದ್ದು ಕೇಳಿರುತ್ತದೆ, ಹಣ್ಣಾದ ಹುಳು ಗೂಡು ಕಟ್ಟಲು ಚಂದ್ರಿಕೆ ಏರುವುದನ್ನು ನೋಡಿರುತ್ತದೆ. ಮರುದಿನ ಅಂಗನವಾಡಿಗೆ ಬಂದರೆ ಅಲ್ಲಿ ಗೋಡೆಯ ಮೇಲೆ ಬರೆದ ಆನೆ, ಜಿರಾಫೆ. ಒಂದು ಬುಟ್ಟಿ ಗೂಡು ತಂದು ಸುರಿದರೆ ಸಾಕಿತ್ತು: ಮಿಶ್ರತಳಿಯ ಹಳದಿ ಒಂದು ಕಡೆ, ದ್ವಿತಳಿಯ ಬಿಳಿ ಇನ್ನೊಂದು ಕಡೆ. ದೊಡ್ಡದು, ಚಿಕ್ಕದು, ಎರಡು ಹುಳು ಕೂಡಿ ಕಟ್ಟಿದ ಜೋಡಿಗೂಡು. ಅಲ್ಲಾಡಿಸಿದರೆ ಒಳಗೆ ಗಲಗಲ. ಬೇರ್ಪಡಿಸುವುದು, ಎಣಿಸುವುದು, ಹೋಲಿಸುವುದು ಎಲ್ಲ ಅಲ್ಲೇ ಆಯಿತು. (ಕೆಲಸಕ್ಕೆ ಹಚ್ಚುವ ಮಾತಲ್ಲ, ಆಟದ ಮಾತು.) ಶಿಶುಶಿಕ್ಷಣ ತಜ್ಞೆ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಮಾಡಿ ತೋರಿಸಿದ್ದು ಇದನ್ನೇ. ದುಬಾರಿ ಸಲಕರಣೆ ಬಿಟ್ಟು ಕೈಗೆ ಸಿಕ್ಕ ಚಿಪ್ಪು, ಕಲ್ಲು, ಬೀಜಗಳಲ್ಲಿ ಅವರು ಕಲಿಸಿದರು.

ಭಾಷೆಯದೂ ಇದೇ ಕಥೆ. ಚಿಂತಾಮಣಿ ಕಡೆ ಎಷ್ಟೋ ಮನೆಗಳ ಮಾತು ತೆಲುಗು, ಶಿಡ್ಲಘಟ್ಟದ ರೇಷ್ಮೆ ರೀಲರುಗಳ ಓಣಿಯಲ್ಲಿ ಉರ್ದು. ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದ ಸೀಮೆ ಇದು. ಟೀಚರ್‌ಗೂ ಎರಡೂ ಬರುತ್ತದೆ. ಮಗು ಅತ್ತರೆ ತೆಲುಗಿನಲ್ಲೇ ಸಮಾಧಾನ ಮಾಡುತ್ತಾರೆ, ಪದ್ಯ ಹೇಳಿಸುವಾಗ ಮಾತ್ರ ಪುಸ್ತಕದ ಕನ್ನಡ. ಮನೆಮಾತಿನಿಂದ ಕನ್ನಡಕ್ಕೆ ದಾಟಿಸುವ ಕಲೆ ಅವರಿಗೆ ಸಹಜವಾಗಿ ಗೊತ್ತಿದೆ. ಪಠ್ಯಕ್ರಮ ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ.

ನಿಜವಾದ ಸೋಲು ಇರುವುದು ಹೊತ್ತಿನಲ್ಲಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳ ಯೋಜನೆ ಐಸಿಡಿಎಸ್ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಟಿ. ನರಸೀಪುರ. ಆಗಲೂ ಶಾಲಾಪೂರ್ವ ಶಿಕ್ಷಣ ಆರು ಸೇವೆಗಳಲ್ಲಿ ಒಂದು, ಈಗಲೂ ಒಂದೇ. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ತೂಕ, ಚುಚ್ಚುಮದ್ದು, ಗರ್ಭಿಣಿಯರ ಊಟ, ಮೊಟ್ಟೆ ಲೆಕ್ಕ, ಸಮೀಕ್ಷೆ, ಮತದಾರರ ಪಟ್ಟಿ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಬೇರೆ. ನೆಟ್‌ವರ್ಕ್ ಸಿಗಲಿ ಎಂದು ಟೀಚರ್ ಫೋನು ಹಿಡಿದು ಬಾಗಿಲಿಗೆ ಬಂದು ನಿಂತರೆ ಒಳಗೆ ಕಥೆ ಅರ್ಧಕ್ಕೆ ನಿಂತಿರುತ್ತದೆ. ‘ಅಲ್ಲಿ ಅನ್ನ ತಿಂದು ಬರ್ತಾನೆ ಅಷ್ಟೇ’ ಎಂದು ತಾಯಂದಿರು ಹೇಳುವುದು ಸುಳ್ಳಲ್ಲ. ತಪ್ಪು ಟೀಚರ್‌ದೂ ಅಲ್ಲ.

ರಾಜ್ಯ ಸರ್ಕಾರ ಇದಕ್ಕೆ ಕಂಡುಕೊಂಡ ಮದ್ದು ಅಂಗನವಾಡಿಯಲ್ಲೇ ಎಲ್‌ಕೆಜಿ. 2024ರಲ್ಲಿ ಕೆಲವು ಕೇಂದ್ರಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೆಸರೂ ಬಂತು. ಸಮವಸ್ತ್ರ ಬಂದರೆ ಪೋಷಕರು ಬರುತ್ತಾರೆ, ಒಪ್ಪೋಣ. ಆದರೆ ಪೈಪೋಟಿಗೆ ಬಿದ್ದು ನಾಲ್ಕು ಗೆರೆಯ ಪುಸ್ತಕವೂ ಒಳಬಂದರೆ ಚಿಲಿಪಿಲಿಯ ಸತ್ವವೇ ಹೋಗುತ್ತದೆ. ಕೇಂದ್ರಕ್ಕೆ ಬೇಕಿರುವುದು ಹೊಸ ಬೋರ್ಡಲ್ಲ, ಮಧ್ಯಾಹ್ನದವರೆಗೆ ಮಕ್ಕಳ ಜೊತೆ ಮಾತ್ರ ಇರುವ ಎರಡನೇ ಟೀಚರ್.

ಅಲ್ಲಿಯವರೆಗೆ ಪೋಷಕರಲ್ಲೊಂದು ವಿನಂತಿ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇದೆ, ತಾಯಂದಿರೂ ಅದರಲ್ಲಿ ಸದಸ್ಯರು. ಮುಂದಿನ ಸಭೆಗೆ ಹೋಗಿ ರೇಷನ್ ಎಷ್ಟು ಬಂತು ಎಂದು ಕೇಳಿದ ಮೇಲೆ, ಈ ವಾರ ಮಕ್ಕಳು ಏನು ಆಡಿದರು ಎಂದೂ ಕೇಳಿ. ಮನೆಯಲ್ಲಿ ಗೂಡಿದ್ದರೆ ಒಂದು ಹಿಡಿ ಕೊಟ್ಟು ಬನ್ನಿ.