ಮಿಲ್ಟ್ರಿ ಬುಲೆಟ್ಟು: ಬಣ್ಣಕ್ಕೆ ಮೊದಲು ಎಂಜಿನ್ನು

ಸೇನೆ ಕೈಬಿಟ್ಟ ಹಳೆಯ ಬುಲೆಟ್ಟನ್ನು ತಂದು, ಮನೆಯ ಹಿಂದಿನ ಚಪ್ಪರದಡಿ ಬಿಚ್ಚಿ ಹರವಿ, ಕೈಲಿರುವ ಕಾಸಿನಲ್ಲೇ ಮತ್ತೆ ರಸ್ತೆಗಿಳಿಸುವ ಆಸೆ ಈಗ ಬೆಂಗಳೂರಿನವರಿಗಷ್ಟೇ ಅಲ್ಲ, ಉಮ್ಮತ್ತೂರು, ಗುಂಡ್ಲುಪೇಟೆ ಕಡೆಯ ಹುಡುಗರಿಗೂ ಹತ್ತಿದೆ. ಇದು ಒಳ್ಳೆಯ ಆಸೆ ಎಂದೇ ನನ್ನ ನಂಬಿಕೆ. ಆದರೆ ಹೀಗೆ ಎದ್ದು ನಿಂತ ಗಾಡಿಗಳಲ್ಲಿ ಹೆಚ್ಚಿನವು ನೋಡಲು ಚೆಂದ, ಓಡಿಸಲು ಕಷ್ಟ. ಇರುವ ಹಣದ ದೊಡ್ಡ ಪಾಲು ಮೊದಲು ಟ್ಯಾಂಕಿನ ಬಣ್ಣಕ್ಕೆ, ಹೊಸ ಸೈಲೆನ್ಸರಿಗೆ, ಸೀಟಿಗೆ ಹೋಗುತ್ತದೆ. ಎಂಜಿನ್ನಿನ ಸರದಿ ಬರುವ ಹೊತ್ತಿಗೆ ಜೇಬು ಖಾಲಿಯಾಗಿರುತ್ತದೆ. ಖರ್ಚಿನ ಈ ಕ್ರಮವೇ ತಪ್ಪು.

ಮೊದಲು ಯಂತ್ರದ ವಿಷಯ. ಇಂಗ್ಲೆಂಡಿನ ರೆಡಿಚ್‌ನಲ್ಲಿ ಹುಟ್ಟಿದ 350 ಸಿಸಿ ಬುಲೆಟ್ ನಮ್ಮಲ್ಲಿ ಬೇರೂರಿದ್ದೇ ಸೇನೆಯಿಂದ. 1950ರ ದಶಕದ ಮೊದಲ ವರ್ಷಗಳಲ್ಲಿ ಗಡಿ ಕಾವಲಿಗೆಂದು ಸರ್ಕಾರ ಈ ಗಾಡಿಗಳಿಗೆ ಬೇಡಿಕೆ ಇಟ್ಟಿತು. ಅದರ ಬೆನ್ನಿಗೇ 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಆಮೇಲೆ ತಿರುವೊಟ್ಟಿಯೂರಿನ ಕಾರ್ಖಾನೆ ಬಂತು. ಬೋರು 70 ಮಿ.ಮೀ., ಸ್ಟ್ರೋಕು 90 ಮಿ.ಮೀ., ಒಟ್ಟು 346 ಸಿಸಿ. ರೆಡಿಚ್ ಕಾರ್ಖಾನೆ ಮುಚ್ಚಿದ ಮೇಲೂ ಇಲ್ಲಿ ಅದೇ ಕಬ್ಬಿಣದ ಸಿಲಿಂಡರು ಹಲವು ದಶಕ ಹೆಚ್ಚು ಬದಲಾವಣೆ ಇಲ್ಲದೆ ಬರುತ್ತಲೇ ಇತ್ತು. ಕಡಿಮೆ ಖರ್ಚಿನ ರಿಪೇರಿ ಸಾಧ್ಯವಾಗುವುದು ಇದೊಂದೇ ಕಾರಣಕ್ಕೆ. ಎರಡನೇ ಮಹಾಯುದ್ಧದ ಬಿಎಸ್‌ಎ ಎಂ20, ಮ್ಯಾಚ್‌ಲೆಸ್ ಜಿ3ಎಲ್‌ಗಳನ್ನು ಎತ್ತಿಕೊಂಡವರು ಒಂದೊಂದು ಬುಷ್ಷಿಗೂ ಇಂಗ್ಲೆಂಡಿನ ಕಡೆ ಮುಖ ಮಾಡಬೇಕು. ಬುಲೆಟ್ಟಿನ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಬಹುದು.

ಹತ್ತಿರದಲ್ಲೇ ಇನ್ನೊಂದು ಆಸ್ತಿಯಿದೆ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆದ ಮೈಸೂರಿನಲ್ಲಿ ಹಳೆ ಮೋಟಾರ್‌ಸೈಕಲ್ಲಿಗೆ ಕೈ ಹಾಕಲು ಹೆದರದ ಮೇಸ್ತ್ರಿಗಳು ಇನ್ನೂ ಇದ್ದಾರೆ. ಚಾಮರಾಜನಗರದ ಕರಿಕಲ್ಲಿನ ಕ್ವಾರಿಗಳನ್ನೂ ಹೊಲಗಳ ಪಂಪ್‌ಸೆಟ್ಟುಗಳನ್ನೂ ನಂಬಿ ಬದುಕುವ ಲೇತುಗಳಿವೆ. ಡೀಸೆಲ್ ಪಂಪಿನ ಸಿಲಿಂಡರಿಗೆ ಬೋರು ಹಾಕಿ, ಸವೆದ ಶಾಫ್ಟಿಗೆ ಲೋಹ ತುಂಬಿಸಿ ಅಳತೆಗೆ ತರುವ ಕೈಗಳಿಗೆ ಒಂಟಿ ಸಿಲಿಂಡರಿನ ಬುಲೆಟ್ಟು ಹೊಸದಲ್ಲ. ದೂರದ ಹೆಸರುವಾಸಿ ಅಂಗಡಿಗೆ ಗಾಡಿ ಸಾಗಿಸುವ ಮುನ್ನ ಊರಿನ ಲೇತಿನವನ ಮುಂದೆ ಒಮ್ಮೆ ಬ್ಯಾರಲ್ಲು ಇಟ್ಟು ನೋಡಬೇಕು.

ಇನ್ನು ಎಂಜಿನ್ನು. ಸೇನೆ ಹರಾಜು ಹಾಕಿದ, ವರ್ಷಗಟ್ಟಲೆ ಶೆಡ್ಡಿನಲ್ಲೋ ಬಯಲಲ್ಲೋ ನಿಂತ ಡಿಸ್ಪೋಸಲ್ ಗಾಡಿ ಮನೆಗೆ ಬಂದ ದಿನವೇ ಪೆಟ್ರೋಲು ಸುರಿದು ಕಿಕ್ ಹೊಡೆಯುವುದು ಬಹಳ ಕಡೆ ನಡೆಯುವ ಅನಾಹುತ. ಸದ್ದು ಬಂತು ಎಂದು ಎಲ್ಲರೂ ಕುಣಿಯುತ್ತಾರೆ. ಆದರೆ ಈ ಎಂಜಿನ್ನಿನ ಬಿಗ್ ಎಂಡಿನಲ್ಲಿ, ಅಂದರೆ ಕನೆಕ್ಟಿಂಗ್ ರಾಡು ಕ್ರ್ಯಾಂಕಿಗೆ ಸೇರುವ ಕಡೆ, ಇರುವುದು ರೋಲರ್ ಬೇರಿಂಗಲ್ಲ, ತೇಲುವ ಬುಷ್ಷು. ಶುದ್ಧವಾದ ಎಣ್ಣೆ ಬಿಡದೆ ಹರಿಯುತ್ತಿದ್ದರೆ ಅದು ಬಹುಕಾಲ ಬಾಳುತ್ತದೆ, ಎಣ್ಣೆ ತಪ್ಪಿದರೆ ಸ್ವಲ್ಪ ಹೊತ್ತಿನಲ್ಲೇ ತಿಂದುಹೋಗುತ್ತದೆ. ಹಳೆ ಎಣ್ಣೆ ಗಟ್ಟಿಯಾಗಿ ಕೆಸರಿನಂತೆ ದಾರಿಗಳಲ್ಲಿ ಕುಳಿತಿರುವಾಗ ಕಿಕ್ ಹೊಡೆದವರು ತಮ್ಮ ಕೈಯಾರೆ ಬುಷ್ಷನ್ನು ಸುಡುತ್ತಾರೆ. ಆಮೇಲೆ ಕ್ರ್ಯಾಂಕು ಬಿಚ್ಚಬೇಕು, ಬಜೆಟ್ಟಿನ ಮಾತು ಅಲ್ಲಿಗೆ ಮುಗಿಯಿತು.

ಮಾಡಬೇಕಾದ ಕೆಲಸಕ್ಕೆ ಖರ್ಚು ಕಡಿಮೆ, ಬೇಕಾದದ್ದು ತಾಳ್ಮೆ. ಟೈಮಿಂಗ್ ಬದಿಯ ಮುಚ್ಚಳ ಬಿಚ್ಚಿದರೆ ಎರಡು ಆಯಿಲ್ ಪಂಪುಗಳ ಏರ್ಪಾಡು ಕಾಣುತ್ತದೆ. ಒಂದು ಎಣ್ಣೆಯನ್ನು ಒಳಕ್ಕೆ ಕಳಿಸುತ್ತದೆ, ಇನ್ನೊಂದು ವಾಪಸ್ ಎಳೆಯುತ್ತದೆ. ಕ್ರ್ಯಾಂಕಿನ ತುದಿಯ ವರ್ಮು (ತಿರುಪಿನಂಥ ಗೇರು) ಎರಡನ್ನೂ ಆಡಿಸುತ್ತದೆ. ಅದರ ಥ್ರೆಡ್ಡು ಉಲ್ಟಾ. ಇದು ಗೊತ್ತಿಲ್ಲದೆ ಬಲ ಹಾಕಿದವರು ಶಾಫ್ಟಿನ ತುದಿಯನ್ನೇ ಕೆಡಿಸಿಕೊಂಡಿದ್ದಾರೆ. ಪಂಪಿನ ಡಿಸ್ಕು ತನ್ನ ಸೀಟಿಗೆ ಸಮನಾಗಿ ಕೂರದಿದ್ದರೆ ಎಣ್ಣೆ ಸೋರಿ ಒತ್ತಡ ಬೀಳುತ್ತದೆ. ದಪ್ಪ ಗಾಜಿನ ಮೇಲೆ ನಯವಾದ ಗ್ರೈಂಡಿಂಗ್ ಪೇಸ್ಟು ಸವರಿ, ಡಿಸ್ಕಿನ ಮುಖ ಒಂದೇ ಸಮ ಹೊಳೆಯುವವರೆಗೆ ತೀಡಬೇಕು. ಆಮೇಲೆ ಸೀಟಿನ ಮೇಲಿಟ್ಟು ತೀಡಿ ಸೀಮೆಎಣ್ಣೆಯಲ್ಲಿ ತೊಳೆಯಬೇಕು, ಪೇಸ್ಟಿನ ಒಂದು ಕಣವೂ ಉಳಿಯಬಾರದು. ಫಿಲ್ಟರಿನ ಫೆಲ್ಟು ಹೊಸದು ಹಾಕಬೇಕು, ಎಣ್ಣೆಯ ದಾರಿಗಳನ್ನು ಊದಿ ತೆಗೆಯಬೇಕು. ಕೊನೆಗೆ ಪ್ಲಗ್ಗು ತೆಗೆದು, ಹೆಡ್ಡಿಗೆ ಹೋಗುವ ಪೈಪಿನ ಬೋಲ್ಟು ಸಡಿಲಿಸಿ, ಎಣ್ಣೆ ಜಿನುಗುವವರೆಗೆ ಕಿಕ್ ತುಳಿಯಬೇಕು. ಒಂದು ಭಾನುವಾರದ ಈ ಕೆಲಸ ಮಾಡಿದ್ದಾರೋ ಇಲ್ಲವೋ ಎಂಬುದರ ಮೇಲೇ ನಾನು ಯಾವುದೇ ರಿಸ್ಟೋರೇಷನ್ನಿನ ಬೆಲೆ ಕಟ್ಟುತ್ತೇನೆ. ಟ್ಯಾಂಕಿನ ಹೊಳಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಾಮಾನಿನ ವಿಷಯದಲ್ಲೂ ಬಡತನ ಒಳ್ಳೆಯ ಬುದ್ಧಿ ಕಲಿಸುತ್ತದೆ. ಹಣವಿದ್ದವರು ಹಳೆಯದನ್ನೆಲ್ಲ ಕಿತ್ತು ಹೊಸದು ಹಾಕುತ್ತಾರೆ. ಆದರೆ ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಹೊಸ ಗೇರು, ಹೊಸ ಕ್ಯಾಮು, ಹೊಸ ಪುಶ್‌ರಾಡುಗಳ ಲೋಹ ಎಷ್ಟೋ ಸಲ ಸೇನೆ ಬಳಸಿ ಬಿಟ್ಟ ಹಳೆಯದಕ್ಕಿಂತ ಮೆತ್ತಗಿರುತ್ತದೆ. ತೊಳೆದು, ಅಳೆದು, ಸವೆತ ಮಿತಿಯೊಳಗಿದ್ದರೆ ಹಳೆಯದನ್ನೇ ಉಳಿಸಬೇಕು. ಸಿಲಿಂಡರು ಸವೆದಿದ್ದರೆ ಬೋರು ಹಾಕಿಸಿ ಮುಂದಿನ ಓವರ್‌ಸೈಜ್ ಪಿಸ್ಟನ್ನಿಗೆ ಹೋಗಬಹುದು. ಕೊನೆಯ ಸೈಜೂ ಮುಗಿದಿದ್ದರೆ ಸ್ಲೀವು ಹೊಡೆಸಿ 70ಕ್ಕೇ ಮರಳಬಹುದು. ಪಿಸ್ಟನ್ನು ಕೈಯಲ್ಲಿರದೆ ಬೋರು ಹಾಕಿಸಬಾರದು. ಮೇಸ್ತ್ರಿ ಅಳತೆ ತೆಗೆಯಬೇಕಾದದ್ದು ಆ ಪಿಸ್ಟನ್ನಿನಿಂದಲೇ.

ಈ ಹವ್ಯಾಸದಲ್ಲಿ ಬಹಳ ಕೇಳಿಬರುವ ಮಾತು ‘ಒರಿಜಿನಲ್’. ಎಂಜಿನ್ನು, ಚಾಸಿ, ಗೇರ್‌ಬಾಕ್ಸು ಎಲ್ಲ ಕಾರ್ಖಾನೆಯಿಂದ ಒಟ್ಟಿಗೆ ಹೊರಟ ಜೋಡಿಯೇ ಆಗಿರಬೇಕು ಎಂಬ ಹಟ. ಮಿಲಿಟರಿ ಗಾಡಿಗೆ ಈ ಅಳತೆಗೋಲು ಹೊಂದುವುದಿಲ್ಲ. ಸೇನೆಯ ವಾಹನ ರಿಪೇರಿ ಮಾಡುವ ಇಎಂಇ ವರ್ಕ್‌ಶಾಪುಗಳ ಗುರಿ ಗಾಡಿಯನ್ನು ಬೇಗ ಮತ್ತೆ ಕೆಲಸಕ್ಕೆ ಕಳಿಸುವುದು. ಕೆಟ್ಟ ಜೋಡಣೆಯನ್ನು ಇಳಿಸಿ, ರಿಪೇರಿಯಾಗಿ ಸಿದ್ಧವಿರುವ ಇನ್ನೊಂದನ್ನು ಏರಿಸುವುದು ಅಲ್ಲಿ ಸಹಜ. ಹೀಗೆ ಬೇರೆ ಎಂಜಿನ್ನು ಹೊತ್ತ ಗಾಡಿ ‘ಕೆಟ್ಟ’ ಗಾಡಿಯಲ್ಲ, ಅದು ನಿಜವಾಗಿ ಸೇವೆ ಮಾಡಿದ ಗಾಡಿ. ಸೇನೆಯಲ್ಲಿ ಈ ಯಂತ್ರದ ಬೆಲೆ ಗೊತ್ತಾಗುತ್ತಿದ್ದುದು ಅದು ಮಾಡುವ ಕೆಲಸದಿಂದ. 2017ರ ನವೆಂಬರಿನಲ್ಲಿ ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಆರ್ಮಿ ಸರ್ವಿಸ್ ಕೋರಿನ ‘ಟಾರ್ನೆಡೋಸ್’ ತಂಡದ 58 ಜನ ಒಂದೇ ಬುಲೆಟ್ಟಿನ ಮೇಲೆ ಸಾಗಿ ವಿಶ್ವದಾಖಲೆ ಮಾಡಿದರು. ಆ ಗಾಡಿಯ ನಟ್ಟುಬೋಲ್ಟು ಯಾವ ವರ್ಷದ್ದೆಂದು ಯಾರೂ ಕೇಳಲಿಲ್ಲ.

ಒಂದು ಮಾತ್ರ ಬಿಡುವಂತಿಲ್ಲ. ಗಾಡಿಯ ಮೇಲೆ ಕೆತ್ತಿದ ಎಂಜಿನ್ ನಂಬರು, ಚಾಸಿ ನಂಬರು ಹರಾಜಿನ ಕಾಗದದಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಸೇನೆಯ ನಂಬರು ನಾಗರಿಕರ ಕೈಯಲ್ಲಿ ನಡೆಯುವುದಿಲ್ಲ. ಆರ್‌ಟಿಒದಲ್ಲಿ ಹೊಸದಾಗಿ ನೋಂದಣಿಯಾಗಿ ಚಾಮರಾಜನಗರದ ಕೆಎ-10 ನಂಬರು ಬರಬೇಕು. ಕಾಗದ ಸರಿಯಿಲ್ಲದ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ದುಬಾರಿಯೇ.

ಬಣ್ಣದ ವಿಷಯ ನನಗೆ ತೀರಾ ಮುಖ್ಯ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. 2018ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ತನ್ನ ಯುದ್ಧಕಾಲದ ‘ಫ್ಲೈಯಿಂಗ್ ಫ್ಲೀ’ ನೆನಪಿಗೆ ‘ಪೆಗಾಸಸ್’ ಗಾಡಿ ತಂದಾಗ ಹೊರದೇಶಗಳಿಗೆ ಹಸಿರೂ ಇತ್ತು, ಕಂದೂ ಇತ್ತು. ನಮ್ಮ ದೇಶಕ್ಕೆ ಬಂದದ್ದು ಕಂದು ಮಾತ್ರ. ಅಷ್ಟು ದೊಡ್ಡ ಕಂಪನಿ ಪಾಲಿಸಿದ ನಿಯಮವನ್ನು ನಮ್ಮ ಹುಡುಗರು ಡಬ್ಬಿ ಸ್ಪ್ರೇ ಹಿಡಿದು ಮುರಿಯುತ್ತಾರೆ. ಕಾನೂನಿನ ಮಾತು ಬಿಟ್ಟರೂ ಹೊಸ ಹಸಿರು ಬಳಿದು, ಯಾವುದೋ ರೆಜಿಮೆಂಟಿನ ಗುರುತು ಅಂಟಿಸುವುದು ಆ ರೆಜಿಮೆಂಟಿನಲ್ಲಿ ದುಡಿದವರಿಗೆ ಮಾಡುವ ಅಗೌರವ.

ಉಮ್ಮತ್ತೂರು ಕೃಷ್ಣದೇವರಾಯನನ್ನೇ ಎದುರಿಸಿ ನಿಂತ ಗಂಗರಾಜನ ಊರು. ಈ ಸೀಮೆಯವರಿಗೆ ವೀರಗಲ್ಲು ಗೊತ್ತು. ಭಕ್ತಿಯಿಂದಲೇ ವೀರಗಲ್ಲಿಗೆ ಎನಾಮಲ್ ಬಣ್ಣ ಬಳಿದಾಗ ಉಳಿಯ ಗುರುತು ಮುಚ್ಚಿಹೋಗುವ ಹಾಗೆ, ಹಳೆ ಬಣ್ಣವನ್ನೆಲ್ಲ ಕೆರೆದು ಪುಟ್ಟಿ ಹಚ್ಚಿ ಹೊಳಪು ಕೊಟ್ಟಾಗ ಈ ಗಾಡಿಯ ಚರಿತ್ರೆಯೂ ಅಳಿಸಿಹೋಗುತ್ತದೆ. ಮೇಲುಮೇಲಕ್ಕೆ ಹಚ್ಚಿದ ಬಣ್ಣದ ಪದರಗಳ ಕೆಳಗೆ ಮೇಲ್ಮುಖದ ಬಾಣದ ಗುರುತು, ಅದರ ಪಕ್ಕ ಸೇನೆಗೆ ಸೇರಿದ ವರ್ಷದ ಎರಡು ಅಂಕಿ, ನಂಬರು ಉಳಿದಿರುವ ಸಾಧ್ಯತೆಯಿದೆ. ಮರಳಿನ ಬ್ಲಾಸ್ಟಿಂಗಿಗೆ ಕಳಿಸಿದರೆ ಅದು ಶಾಶ್ವತವಾಗಿ ಹೋಯಿತು. ಮೊದಲು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಸಿಕ್ಕ ಗುರುತುಗಳ ಫೋಟೋ ತೆಗೆದಿಟ್ಟುಕೊಳ್ಳಬೇಕು. ಹೊರಗೆ ಕಾಣುವ ಕಡೆ ಕಪ್ಪನ್ನೋ ಕಂದನ್ನೋ ಹಚ್ಚಿ, ಟೂಲ್‌ಬಾಕ್ಸಿನ ಒಳಬದಿ, ಸೀಟಿನಡಿ, ಟ್ಯಾಂಕಿನ ತಳದಂಥ ಕಡೆ ಹಳೆಯ ಪದರವನ್ನು ಹಾಗೇ ಬಿಡುವುದು ನನ್ನ ಮಟ್ಟಿಗೆ ಪ್ರಾಮಾಣಿಕ ದಾರಿ. ಖರ್ಚೂ ಕಡಿಮೆ.

ಸರ್ಕಾರದ ನಿಯಮಗಳಲ್ಲೂ ಒಂದು ತೊಡಕಿದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿಯಲ್ಲಿ 50 ವರ್ಷ ಮೀರಿದ ಗಾಡಿಗೆ ‘ವಿಎ’ ಸರಣಿಯ ನಂಬರು ಸಿಗುತ್ತದೆ. ಗಾಡಿ ಮೂಲರೂಪದಲ್ಲಿರಬೇಕು ಎನ್ನುವುದು ಷರತ್ತು. ಸೇನೆಯ ಗಾಡಿಯ ಮೂಲರೂಪವೇ ಹಸಿರು, ಆ ಹಸಿರನ್ನು ಇನ್ನೊಂದು ನಿಯಮ ತಡೆಯುತ್ತದೆ. ಐವತ್ತು ವರ್ಷ ದಾಟಿದ, ಓಡಾಟಕ್ಕಲ್ಲದೆ ಪ್ರದರ್ಶನಕ್ಕಷ್ಟೇ ಹೊರಡುವ ಸೇನಾ ವಾಹನಗಳಿಗೆ ಇಲ್ಲೊಂದು ಸ್ಪಷ್ಟ ವಿನಾಯಿತಿ ಇರಬೇಕಿತ್ತು. ಮೇಲಾಗಿ ಹೊಸ ವಿಂಟೇಜ್ ನೋಂದಣಿಗೆ ಶುಲ್ಕ 20,000 ರೂಪಾಯಿ, ಆ ನಂಬರಿನಲ್ಲಿ ದಿನನಿತ್ಯ ಓಡಿಸುವಂತೆಯೂ ಇಲ್ಲ. ತೋಟಕ್ಕೆ, ಸಂತೆಗೆ ಹೋಗಿಬರುವ ಗಾಡಿ ಬೇಕೆನ್ನುವ ಹಳ್ಳಿಯವನಿಗೆ ಸಾಮಾನ್ಯ ನೋಂದಣಿಯೇ ಗತಿ. ಅದೇ ಒಳ್ಳೆಯದು ಕೂಡ, ಈ ಎಂಜಿನ್ನು ಓಡುತ್ತಿದ್ದರೇ ಆರೋಗ್ಯ.

ವೈರಿಂಗಿನಲ್ಲಿ ಮಾತ್ರ ನಾನು ಮೂಲಕ್ಕೆ ಅಂಟಿಕೊಳ್ಳುವುದಿಲ್ಲ. ಹಳೆ 6 ವೋಲ್ಟಿನ ಮಿಣುಕು ದೀಪದಲ್ಲಿ ಕಬ್ಬಿನ ಲಾರಿಗಳ ನಡುವೆ ರಾತ್ರಿ ಹೊರಡುವುದು ಅಪಾಯ. 12 ವೋಲ್ಟಿಗೆ ಬದಲಿಸಿ, ಕಳಚಿದ್ದನ್ನು ಹೆಸರು ಬರೆದು ಡಬ್ಬಿಯಲ್ಲಿ ಎತ್ತಿಟ್ಟರೆ ಸಾಕು. ಪೆಟ್ರೋಲು ಟ್ಯಾಂಕಿನ ತುಕ್ಕು, ಚೈನು, ಕೇಬಲ್ಲುಗಳ ಬಗ್ಗೆ ಯಾವ ಗ್ಯಾರೇಜಿನವರನ್ನು ಕೇಳಿದರೂ ಹೇಳುತ್ತಾರೆ.

ಕೊನೆಗೆ ಕೈಯಲ್ಲಿ ಸ್ವಲ್ಪ ಹಣ ಉಳಿದರೆ ಅದು ಬ್ರೇಕಿಗೆ, ಟಯರಿಗೆ ಹೋಗಬೇಕು. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೋಗುವ ರಸ್ತೆಯಲ್ಲಿ ಯಾವ ತಿರುವಿನಲ್ಲಿ ಜಿಂಕೆ ಅಡ್ಡ ಬರುತ್ತದೋ, ಹಸು ನಿಂತಿರುತ್ತದೋ ಹೇಳಲಾಗದು. ಡ್ರಮ್ಮಿನ ಒಳಮುಖ ಗೀರುಬಿದ್ದಿದ್ದರೆ ಲೇತಿನಲ್ಲಿ ತೆಳುವಾಗಿ ತಿರುಗಿಸಿ, ಶೂಗಳಿಗೆ ಹೊಸ ಲೈನಿಂಗ್ ಹಾಕಿಸಿ, ಆ ಡ್ರಮ್ಮಿನ ದುಂಡಿಗೆ ಸರಿಯಾಗಿ ತೀಡಿಸಬೇಕು. ಹೊಸ ಲೈನಿಂಗು ಮೊದಲ ದಿನಗಳಲ್ಲಿ ಅಲ್ಲಲ್ಲಿ ಮಾತ್ರ ಹಿಡಿಯುತ್ತದೆ. ಊರಾಚೆಯ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಬ್ರೇಕು ಒತ್ತಿ ಬಿಟ್ಟು, ಬಿಚ್ಚಿ ನೋಡಿ, ಹೊಳೆದ ಕಡೆ ಸ್ವಲ್ಪ ಉಜ್ಜಿ ಮತ್ತೆ ಹಾಕಬೇಕು. ಶೂವಿನ ಅಗಲಕ್ಕೂ ಒಂದೇ ಸಮ ಗುರುತು ಬಿದ್ದ ಮೇಲೆಯೇ ಪೇಂಟರಿನ ಅಂಗಡಿಯ ಕಡೆ ಗಾಡಿ ತಿರುಗಲಿ.